ಕಾರ್ಡಿನ ವಾರ್ಷಿಕ ಶುಲ್ಕ: ಅದು ಬಂದ ದಾರಿ, ನಾವು ಹಾಕಬೇಕಾದ ಲೆಕ್ಕ

ಇಂದು ನಾನು ನಿಮ್ಮೊಡನೆ ಮಾತನಾಡಬೇಕೆಂದಿರುವುದು ಕ್ರೆಡಿಟ್ ಕಾರ್ಡು ಮತ್ತು ಅದರ ವಾರ್ಷಿಕ ಶುಲ್ಕದ ವಿಷಯ. ಮಗ ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರುತ್ತಾನೆ. ಸಂಬಳದ ಖಾತೆ ತೆರೆದ ಕೆಲವೇ ದಿನಗಳಲ್ಲಿ ಫೋನು ಬರುತ್ತದೆ: ‘ನಿಮಗೆ ಕಾರ್ಡು ಮಂಜೂರಾಗಿದೆ, ಮೊದಲ ವರ್ಷ ಶುಲ್ಕವಿಲ್ಲ.’ ಎರಡನೆಯ ವರ್ಷದ ಬಿಲ್ಲಿನಲ್ಲಿ 500 ರೂಪಾಯಿ ಎಂದು ಒಂದು ಸಾಲು ಕಾಣಿಸಿಕೊಳ್ಳುತ್ತದೆ. ಇದನ್ನು ಕಟ್ಟಬೇಕೋ, ಕಾರ್ಡನ್ನು ಹಿಂದಕ್ಕೆ ಕೊಡಬೇಕೋ? ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಬಲ್ಲವರು ಆಗಾಗ ಈ ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ. ಶುಲ್ಕ ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂಬುದು ಗೊತ್ತಾದರೆ ಉತ್ತರ ತಾನಾಗಿಯೇ ಸಿಗುತ್ತದೆ. ಆದ್ದರಿಂದ ಮೊದಲು ಸ್ವಲ್ಪ ಚರಿತ್ರೆ.

ಹಣ ಬಳಸುವುದಕ್ಕೂ ಬೆಲೆ ತೆರಬೇಕು ಎಂಬ ಮಾತು ನಮ್ಮ ಸೀಮೆಗೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ಮತ್ತು ಜಹೀರಾಬಾದ್ ತಾಲೂಕುಗಳು ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ಎಲ್ಲವೂ ಹೈದರಾಬಾದ್ ಸಂಸ್ಥಾನದ ಭಾಗ. ನಿಜಾಮರ ನಾಣ್ಯ ಹಾಲಿ ಸಿಕ್ಕಾ. ಹೊರಗಿನ ಬ್ರಿಟಿಷ್ ಇಂಡಿಯಾದ ನಾಣ್ಯ ಕಲ್ದಾರ. 7 ಹಾಲಿ ರೂಪಾಯಿಗೆ ಹೆಚ್ಚುಕಡಿಮೆ 6 ಕಲ್ದಾರ ರೂಪಾಯಿ ಎಂಬುದು ಲೆಕ್ಕ. ಸೊಲ್ಲಾಪುರದ ಕಡೆಗೆ ಮಾಲು ಕಳಿಸುವವರು ಒಂದು ನಾಣ್ಯ ಕೊಟ್ಟು ಇನ್ನೊಂದನ್ನು ಪಡೆಯಬೇಕಿತ್ತು. ಹಾಗೆ ಬದಲಿಸಿಕೊಡುವವನು ತನ್ನ ವಟ್ಟ ಹಿಡಿಯದೆ ಕೊಡುವವನಲ್ಲ. ಊರ ಸಾವುಕಾರನ ಉದ್ರಿ ಖಾತೆಗೆ ಮಾತ್ರ ವಾರ್ಷಿಕ ಶುಲ್ಕವಿರಲಿಲ್ಲ. ಹಾಗಾದರೆ ಅದು ಪುಕ್ಕಟೆಯೇ? ಅಲ್ಲ. ಉದ್ರಿಯ ಬೇಳೆಗೆ ಒಂದು ದರ, ರೊಕ್ಕದ ಬೇಳೆಗೆ ಇನ್ನೊಂದು ದರ. ಸುಗ್ಗಿಯಲ್ಲಿ ತೊಗರಿ ಅವನ ಅಂಗಡಿಗೇ ಹೋಗಬೇಕು, ಅವನು ಹೇಳಿದ ಧಾರಣೆಗೇ ಹೋಗಬೇಕು. ಬೆಲೆ ಇದ್ದೇ ಇತ್ತು, ಕಣ್ಣಿಗೆ ಕಾಣುತ್ತಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಸಮುದ್ರದಾಚೆಗೆ ಹೋಗೋಣ. 1950ರಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಫ್ರಾಂಕ್ ಮೆಕ್‌ನಮಾರ ಎಂಬವರು ಜೊತೆಗಾರರೊಡನೆ ಡೈನರ್ಸ್ ಕ್ಲಬ್ ಎಂಬ ಸಂಸ್ಥೆ ಆರಂಭಿಸಿದರು. ಸದಸ್ಯರು ಹೋಟೆಲಿನಲ್ಲಿ ಊಟ ಮಾಡಿ ಕಾರ್ಡು ತೋರಿಸುವುದು, ಸಂಸ್ಥೆ ಹೋಟೆಲಿಗೆ ಹಣ ಕೊಡುವುದು, ಸದಸ್ಯರು ತಿಂಗಳಿಗೊಮ್ಮೆ ಬಿಲ್ಲು ಪೂರ್ತಿ ತೀರಿಸುವುದು. ಇಲ್ಲಿ ಬಡ್ಡಿಯ ಪ್ರಶ್ನೆಯೇ ಇಲ್ಲ. ಹಾಗಾದರೆ ಸಂಸ್ಥೆಯ ಆದಾಯ ಯಾವುದು? ಒಂದು, ಹೋಟೆಲಿನವರಿಂದ ಬಿಲ್ಲಿನ ಮೇಲೆ ಕಮಿಷನ್. ಎರಡು, ಸದಸ್ಯರಿಂದ ವಾರ್ಷಿಕ ಶುಲ್ಕ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಸಂಸ್ಥೆ ತನ್ನ ಕಾರ್ಡು ತಂದಾಗ ವರ್ಷಕ್ಕೆ 6 ಡಾಲರ್ ಇಟ್ಟಿತು. ಡೈನರ್ಸ್‌ನವರದು ಆಗ 5 ಡಾಲರ್. ನಮ್ಮದು ಮೇಲ್ದರ್ಜೆಯದು ಎಂದು ತೋರಿಸಲು ಒಂದು ಡಾಲರ್ ಹೆಚ್ಚು! ಶುಲ್ಕವೇ ಪ್ರತಿಷ್ಠೆಯ ಗುರುತಾದದ್ದು ಹೀಗೆ.

ಅದೇ 1958ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಬ್ಯಾಂಕ್ ಆಫ್ ಅಮೆರಿಕ ಎಂಬ ಬ್ಯಾಂಕು ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ ಸುಮಾರು 60,000 ಕಾರ್ಡುಗಳನ್ನು, ಯಾರೂ ಕೇಳದಿದ್ದರೂ, ಅಂಚೆಯಲ್ಲಿ ಮನೆಮನೆಗೆ ಕಳಿಸಿತು. ವಾರ್ಷಿಕ ಶುಲ್ಕವಿಲ್ಲ. ಬಿಲ್ಲು ಪೂರ್ತಿ ತೀರಿಸಬೇಕೆಂಬ ಕಟ್ಟುಪಾಡೂ ಇಲ್ಲ. ಸ್ವಲ್ಪ ಕಟ್ಟಿ ಉಳಿದದ್ದಕ್ಕೆ ಬಡ್ಡಿ ಕೊಡುತ್ತಾ ಹೋಗಬಹುದು. ಈ ಕಾರ್ಡೇ 1976ರಲ್ಲಿ ವೀಸಾ ಎಂಬ ಹೆಸರು ಪಡೆಯಿತು. ಕೇಳದವರಿಗೆ ಕಾರ್ಡು ಕಳಿಸುವುದನ್ನು ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಷೇಧಿಸಿತು.

ಈಗ ಗಮನವಿಟ್ಟು ಕೇಳಿ. ಬಡ್ಡಿ ಇಲ್ಲದ ಕಾರ್ಡಿಗೆ ಶುಲ್ಕವಿತ್ತು. ಬಡ್ಡಿ ಇದ್ದ ಕಾರ್ಡಿಗೆ ಶುಲ್ಕವಿರಲಿಲ್ಲ. 1980ರಲ್ಲಿ ಅಮೆರಿಕದಲ್ಲಿ ಬೆಲೆಗಳು ವಿಪರೀತ ಏರಿದ್ದವು. ಬ್ಯಾಂಕುಗಳೇ ಹಣ ತರಬೇಕಾದರೆ ಹೆಚ್ಚು ಬಡ್ಡಿ ಕೊಡಬೇಕಾಯಿತು. ಆದರೆ ಗ್ರಾಹಕರಿಂದ ಪಡೆಯುವ ಬಡ್ಡಿಗೆ ಅನೇಕ ರಾಜ್ಯಗಳಲ್ಲಿ ಕಾನೂನಿನ ಮಿತಿಯಿತ್ತು. ಆ ವರ್ಷದ ಮಾರ್ಚ್‌ನಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಾಲದ ಮೇಲೆ ನಿಯಂತ್ರಣವನ್ನೂ ತಂದರು. ಬಡ್ಡಿಯ ಬಾಗಿಲು ಇಕ್ಕಟ್ಟಾದಾಗ ಬ್ಯಾಂಕುಗಳು ಶುಲ್ಕದ ಬಾಗಿಲು ತೆರೆದವು. ಹತ್ತು ವರ್ಷದ ಬಳಿಕ, 1990ರಲ್ಲಿ, ಎಟಿ ಅಂಡ್ ಟಿ ಎಂಬ ಟೆಲಿಫೋನ್ ಕಂಪನಿ ‘ಜೀವನಪರ್ಯಂತ ಶುಲ್ಕವಿಲ್ಲ’ ಎಂದು ಕಾರ್ಡು ತಂದಾಗ ಪೈಪೋಟಿಯಿಂದ ಶುಲ್ಕಗಳು ಮತ್ತೆ ಇಳಿಯತೊಡಗಿದವು. ಅಂದರೆ ಶುಲ್ಕ ಮತ್ತು ಬಡ್ಡಿ ಒಂದೇ ತಕ್ಕಡಿಯ ಎರಡು ತಟ್ಟೆಗಳು. ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ ಬರುತ್ತದೆ. ನಮ್ಮ ಸಾವುಕಾರನ ಖಾತೆಯಲ್ಲಿ ಕಂಡದ್ದೂ ಇದೇ ಅಲ್ಲವೇ?

ನಮ್ಮ ದೇಶಕ್ಕೆ ಡೈನರ್ಸ್ ಕ್ಲಬ್ ಕಾರ್ಡು 1960ರ ದಶಕದ ಆರಂಭದಲ್ಲಿಯೇ ಬಂದಿತ್ತು. ಬ್ಯಾಂಕುಗಳ ಪೈಕಿ ಮೊದಲು ಮುಂದೆ ಬಂದದ್ದು ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ, 1980ರಲ್ಲಿ. ಮರುವರ್ಷವೇ, 1981ರಲ್ಲಿ, ಹೈದರಾಬಾದಿನ ಆಂಧ್ರ ಬ್ಯಾಂಕು ತನ್ನ ಕಾರ್ಡು ತಂದಿತು. 1923ರಲ್ಲಿ ಭೋಗರಾಜು ಪಟ್ಟಾಭಿ ಸೀತಾರಾಮಯ್ಯನವರು ಮಚಲೀಪಟ್ಟಣದಲ್ಲಿ ಸ್ಥಾಪಿಸಿದ ಬ್ಯಾಂಕು ಅದು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೀಗೆ ದೇಶದ ಮೊದಮೊದಲ ಬ್ಯಾಂಕು ಕಾರ್ಡುಗಳಲ್ಲಿ ಒಂದು ನಮ್ಮ ರಾಜಧಾನಿಯಲ್ಲೇ ಹುಟ್ಟಿತು ಎನ್ನಬಹುದು.

ಆ ಕಾಲದ ಕಾರ್ಡು ಹೇಗೆ ನಡೆಯುತ್ತಿತ್ತು ಗೊತ್ತೇ? ಕಾರ್ಡಿನ ಮೇಲೆ ಹೆಸರು, ನಂಬರು ಉಬ್ಬಿಕೊಂಡಿರುತ್ತಿದ್ದವು. ಅಂಗಡಿಯವನು ಅದನ್ನು ಒಂದು ಒತ್ತುಯಂತ್ರದಲ್ಲಿಟ್ಟು, ಮೇಲೆ ಕಾರ್ಬನ್ ಚೀಟಿ ಹಾಕಿ, ಹಿಡಿಯನ್ನು ಅತ್ತಿಂದಿತ್ತ ಎಳೆದರೆ ಅಕ್ಷರಗಳು ಮೂಡುತ್ತಿದ್ದವು. ಗ್ರಾಹಕ ಸಹಿ ಹಾಕಬೇಕು. ಮೊತ್ತ ದೊಡ್ಡದಾದರೆ ಬ್ಯಾಂಕಿಗೆ ಫೋನು ಮಾಡಿ ಒಪ್ಪಿಗೆ ಕೇಳಬೇಕು. ಕಳುವಾದ, ರದ್ದಾದ ಕಾರ್ಡುಗಳ ನಂಬರು ಅಚ್ಚಾದ ಪಟ್ಟಿಯನ್ನು ಅಂಗಡಿಯಲ್ಲಿ ಇಟ್ಟುಕೊಂಡು ಒಂದೊಂದೇ ನೋಡಬೇಕು. ಆಮೇಲೆ ಚೀಟಿಗಳು ಬ್ಯಾಂಕಿಗೆ ಬಂದು ಲೆಡ್ಜರಿಗೆ ಏರಬೇಕು. ಇಷ್ಟೆಲ್ಲ ಕೈಕೆಲಸಕ್ಕೆ ಜನ ಬೇಕು, ಖರ್ಚು ಬೇಕು. ಆಗ ಶುಲ್ಕ ಕೇಳಿದರೆ ಅದಕ್ಕೊಂದು ಅರ್ಥವಿತ್ತು. ಆದರೆ ಆ ಯಂತ್ರ ಇದ್ದದ್ದು ಪಟ್ಟಣದ ದೊಡ್ಡ ಹೋಟೆಲುಗಳಲ್ಲಿ, ದೊಡ್ಡ ಅಂಗಡಿಗಳಲ್ಲಿ. ತಾಂಡೂರಿನ ಬೇಳೆ ವ್ಯಾಪಾರಕ್ಕಾಗಲಿ, ಜಹೀರಾಬಾದಿನ ಶುಂಠಿ, ಆಲೂಗಡ್ಡೆ ವ್ಯಾಪಾರಕ್ಕಾಗಲಿ ಅದರಿಂದ ಏನೂ ಉಪಯೋಗವಿರಲಿಲ್ಲ.

1990ರಲ್ಲಿ ಸಿಟಿಬ್ಯಾಂಕು, 1998ರಲ್ಲಿ ಸ್ಟೇಟ್ ಬ್ಯಾಂಕು ಕಾರ್ಡಿನ ವ್ಯಾಪಾರಕ್ಕೆ ಬಂದ ಮೇಲೆ ಕಾರ್ಡು ಮಧ್ಯಮ ವರ್ಗದ ಮನೆಗೂ ಬಂತು. ಅದೇ 1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡು ಕೂಡ ಆರಂಭವಾಯಿತು. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಹೆಸರಿನಲ್ಲಿ ಕ್ರೆಡಿಟ್ ಕಾರ್ಡು ಇದ್ದರೂ ಅದು ಬೆಳೆಸಾಲ. 3 ಲಕ್ಷ ರೂಪಾಯಿಯವರೆಗಿನ ಬೆಳೆಸಾಲಕ್ಕೆ ವರ್ಷಕ್ಕೆ ಶೇ. 7 ಬಡ್ಡಿ, ವಾಯಿದೆಯೊಳಗೆ ತೀರಿಸಿದರೆ ಶೇ. 4 ಮಾತ್ರ ಬೀಳುವಂತೆ ಸರ್ಕಾರದ ಸಹಾಯವಿದೆ. ಅಂಗಡಿಯಲ್ಲಿ ಉಜ್ಜುವ ಕಾರ್ಡಿನ ಬಡ್ಡಿ ಬೇರೆಯೇ. ಅನೇಕ ಕಾರ್ಡುಗಳಲ್ಲಿ ಅದು ತಿಂಗಳಿಗೆ ಶೇ. 3.5ರ ಸುಮಾರು, ಅಂದರೆ ವರ್ಷಕ್ಕೆ ಶೇ. 42. ತೆಲುಗಿನಲ್ಲಿ ಅಪ್ಪು ಎನ್ನಿ, ಉರ್ದುವಿನಲ್ಲಿ ಕರ್ಜ ಎನ್ನಿ, ಕನ್ನಡದಲ್ಲಿ ಸಾಲ ಎನ್ನಿ, ಇವೆರಡನ್ನೂ ಒಂದೇ ಎಂದು ಮಾತ್ರ ತಿಳಿಯಬೇಡಿ.

ಈ ಬಡ್ಡಿಗೆ ಮಿತಿ ಇಲ್ಲವೇ ಎಂದು ನೀವು ಕೇಳಬಹುದು. 2008ರ ಜುಲೈಯಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು, ಬಾಕಿಯ ಮೇಲೆ ವರ್ಷಕ್ಕೆ ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ತೀರ್ಪು ಕೊಟ್ಟಿತು. ಬ್ಯಾಂಕುಗಳು ಮೇಲಿನ ಕೋರ್ಟಿಗೆ ಹೋದವು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿಹಾಕಿತು. ಆದ್ದರಿಂದ ಶೇ. 30ರ ಆ ಗೋಡೆ ಈಗ ಇಲ್ಲ. ನಮ್ಮ ಕಾವಲು ನಾವೇ ಕಾಯಬೇಕು.

ಇನ್ನು ಲೆಕ್ಕಕ್ಕೆ ಬರೋಣ. ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಶುಲ್ಕ 500 ರೂಪಾಯಿ. ಅದರ ಮೇಲೆ ಶೇ. 18 ಜಿಎಸ್‌ಟಿ, 90 ರೂಪಾಯಿ. ಒಟ್ಟು 590. ನೂರು ರೂಪಾಯಿ ಖರ್ಚಿಗೆ ಒಂದು ರೂಪಾಯಿ ಮರಳಿ ಕೊಡುವ ಕಾರ್ಡಾದರೆ, ಈ 590 ಹಿಂದಕ್ಕೆ ಬರಬೇಕಾದರೆ ನೀವು ವರ್ಷದಲ್ಲಿ 59,000 ರೂಪಾಯಿ ಅದರಲ್ಲೇ ಖರ್ಚು ಮಾಡಬೇಕು. ಅಲ್ಲಿಯವರೆಗೆ ಲಾಭವಿಲ್ಲ, ಬರಿಯ ಸರಿಸಮ.

‘ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಿದರೆ ಶುಲ್ಕ ಮಾಫಿ’ ಎಂದು ಬರೆದಿರುತ್ತಾರೆ. ನಿಮ್ಮ ಮನೆಯ ಖರ್ಚು ಎಪ್ಪತ್ತು ಸಾವಿರಕ್ಕೆ ಮುಗಿಯುವುದಾದರೆ, 590 ಉಳಿಸಲು ಬೇಡದ 30,000 ರೂಪಾಯಿ ಸಾಮಾನು ಕೊಳ್ಳುವುದು ಯಾವ ಗಣಿತ? ಪೆಟ್ರೋಲ್ ಬಂಕಿನಲ್ಲಿ ಶೇ. 1 ಸರ್‌ಚಾರ್ಜು ಮಾಫಿ ಎಂಬುದು ಇನ್ನೊಂದು. ರೊಕ್ಕ ಕೊಟ್ಟವನಿಗೆ ಆ ಸರ್‌ಚಾರ್ಜು ಮೊದಲೇ ಇಲ್ಲ. ಕಾರ್ಡು ಉಜ್ಜಿದ್ದಕ್ಕೇ ಅದು ಹುಟ್ಟಿದ್ದು. ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆ ಪುಕ್ಕಟೆ ಎಂಬುದು ಮತ್ತೊಂದು. ತಿಂಗಳಿಗೊಮ್ಮೆ ವಿಮಾನ ಹತ್ತುವವರಿಗೆ ಅದು ನಿಜವಾದ ಸೌಲಭ್ಯ. ಜಹೀರಾಬಾದ್ ಬಸ್ ನಿಲ್ದಾಣದಲ್ಲಿ ಕಾಯುವ ನಮಗೆ ಅದರ ಬೆಲೆ ಸೊನ್ನೆ.

ಆದರೆ ಶುಲ್ಕಕ್ಕಿಂತ ದೊಡ್ಡ ಲೆಕ್ಕ ಇನ್ನೂ ಉಳಿದಿದೆ. ಬಿಲ್ಲು 20,000 ಬಂದಿದೆ ಎನ್ನಿ. ‘ಕನಿಷ್ಠ ಮೊತ್ತ 1,000’ ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಅಷ್ಟೇ ಕಟ್ಟಿದರೆ ಉಳಿದ 19,000ಕ್ಕೆ ಶೇ. 3.5ರಂತೆ ಒಂದು ತಿಂಗಳ ಬಡ್ಡಿ 665. ಬಡ್ಡಿಯ ಮೇಲೂ ಜಿಎಸ್‌ಟಿ ಇದೆ, ಸುಮಾರು 120. ಒಟ್ಟು 785. ಕಟ್ಟಿದ ಸಾವಿರದಲ್ಲಿ ಸಾಲ ಇಳಿದದ್ದು 215 ಮಾತ್ರ. ಸಾಮಾನು ಕೊಂಡ ದಿನದಿಂದಲೇ ಬಡ್ಡಿ ಎಣಿಸುವುದರಿಂದ ನಿಜವಾಗಿ ಇನ್ನೂ ಹೆಚ್ಚೇ ಆಗುತ್ತದೆ. ಈಗ ಹೋಲಿಸಿ ನೋಡಿ. ವರ್ಷದ ಶುಲ್ಕ 590. ಒಂದೇ ತಿಂಗಳ ಬಡ್ಡಿ 785. ಶುಲ್ಕವಿಲ್ಲದ ಕಾರ್ಡು ತಂದು ಎರಡು ತಿಂಗಳು ಬಾಕಿ ಉಳಿಸಿದವನು, ಶುಲ್ಕ ಕೊಟ್ಟು ಪ್ರತಿ ತಿಂಗಳೂ ಪೂರ್ತಿ ತೀರಿಸಿದವನಿಗಿಂತ ಎರಡು ಪಟ್ಟಿಗೂ ಹೆಚ್ಚು ತೆತ್ತಿರುತ್ತಾನೆ.

ಆದ್ದರಿಂದ ನನ್ನ ಸಲಹೆ ಇಷ್ಟು. ಹಿಂದಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಮುಂದಿಟ್ಟುಕೊಂಡು ನೋಡಿ. ಒಂದೇ ಒಂದು ತಿಂಗಳು ಬಡ್ಡಿ ಬಿದ್ದಿದ್ದರೂ, ಶುಲ್ಕ ಇರಲಿ ಇಲ್ಲದಿರಲಿ, ಮೊದಲು ಬಾಕಿ ತೀರಿಸಿ, ಆ ಕಾರ್ಡನ್ನು ದೂರ ಇಡಿ. ಬಡ್ಡಿ ಬಿದ್ದೇ ಇಲ್ಲವಾದರೆ, ಕಾರ್ಡು ಇಲ್ಲದಿದ್ದರೂ ಮಾಡುತ್ತಿದ್ದ ಖರ್ಚನ್ನು ಮಾತ್ರ ಕೂಡಿಸಿ. ಅದರಿಂದ ಮರಳಿ ಬಂದದ್ದು ಶುಲ್ಕ ಮತ್ತು ತೆರಿಗೆಗಿಂತ ಹೆಚ್ಚಿದ್ದರೆ ಇಟ್ಟುಕೊಳ್ಳಿ. ಕಡಿಮೆ ಇದ್ದರೆ ಹಿಂದಕ್ಕೆ ಕೊಡಿ.

ಹಿಂದಕ್ಕೆ ಕೊಡಲು ಸಂಕೋಚ ಬೇಡ. ರಿಸರ್ವ್ ಬ್ಯಾಂಕು 2022ರಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ, ಬಾಕಿ ಇಲ್ಲದ ಕಾರ್ಡನ್ನು ಗ್ರಾಹಕ ಕೇಳಿದ 7 ಕೆಲಸದ ದಿನಗಳೊಳಗೆ ಮುಚ್ಚಬೇಕು. ತಡಮಾಡಿದರೆ ಮುಚ್ಚುವವರೆಗೆ ದಿನಕ್ಕೆ 500 ರೂಪಾಯಿ ದಂಡವನ್ನು ಗ್ರಾಹಕನಿಗೆ ಕೊಡಬೇಕು. ಕೇಳದೆ ಕಾರ್ಡು ಕೊಟ್ಟು ಶುಲ್ಕ ಹಾಕಿದ್ದರೆ, ಶುಲ್ಕವನ್ನು ರದ್ದು ಮಾಡಿ ಅದರ ಎರಡು ಪಟ್ಟು ದಂಡ ಕೊಡಬೇಕು. ಆದರೆ ಕಾರ್ಡನ್ನು ಕತ್ತರಿಸಿ ಒಲೆಗೆ ಹಾಕಿದರೆ ಖಾತೆ ಮುಚ್ಚಿದಂತಲ್ಲ. ಶುಲ್ಕ ಬೀಳುತ್ತಲೇ ಇರುತ್ತದೆ, ಕಟ್ಟದ ಶುಲ್ಕಕ್ಕೆ ದಂಡವೂ ಸೇರುತ್ತದೆ. ಬರೆದು ಕೊಡಿ, ಮುಚ್ಚಿದ ಬಗ್ಗೆ ಬರೆದು ಪಡೆಯಿರಿ, ಆ ಕಾಗದವನ್ನು ಜೋಪಾನವಾಗಿಡಿ.

ನಮ್ಮ ಹಿರಿಯರು ಹಾಲಿ ಕೊಟ್ಟು ಕಲ್ದಾರ ಪಡೆಯುವಾಗ ವಟ್ಟ ಎಷ್ಟು ಹೋಯಿತೆಂದು ಬೆರಳೆಣಿಸಿ ನೋಡುತ್ತಿದ್ದರು. ಓದುಬರಹ ಬಾರದವರೂ ಆ ಲೆಕ್ಕ ಬಲ್ಲವರಾಗಿದ್ದರು. ಓದು ಬಲ್ಲ ನಮ್ಮ ಮಕ್ಕಳು ಬಿಲ್ಲಿನ ಕೊನೆಯ ಸಾಲಿನವರೆಗೆ ಓದಲಿ. ಇಂದು ರಾತ್ರಿ ಊಟದ ನಂತರ ಅವರನ್ನು ಕೂರಿಸಿಕೊಂಡು, ಮನೆಗೆ ಬಂದ ಕಾರ್ಡಿನ ಲೆಕ್ಕವನ್ನು ಒಮ್ಮೆ ಹಾಕಿರಿ.