ಪಟ್ಟಾ ಇಲ್ಲದ ಬೀದಿ

1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ವಿರೂಪಾಕ್ಷ ಗುಡಿಯ ಮುಂದಿನ ಬೀದಿಯ ಅಂದದ ಮನೆಗಳನ್ನೂ ಯಾತ್ರಿಕರು ತಂಗುವ ಮೊಗಸಾಲೆಗಳನ್ನೂ ಬಣ್ಣಿಸಿದ್ದಾನೆ. ಸ್ಥಿತಿವಂತರಿಗೆ ಅಲ್ಲಿ ಬೇರೆಯೇ ವಸತಿ ಇತ್ತಂತೆ. ಅಂದರೆ ಹಂಪಿ ಬಜಾರಿನಲ್ಲಿ ಪರಸ್ಥಳದವರನ್ನು ಇಳಿಸಿಕೊಳ್ಳುವ ರೂಢಿಗೆ 500 ವರ್ಷಗಳಾದವು. 2011ರಲ್ಲಿ ಅದಕ್ಕೆ ಒತ್ತುವರಿ ಎಂಬ ಹೆಸರು ಬಿತ್ತು.

ಗುಡಿಯ ಗೋಪುರದಿಂದ ಮಾತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ತೇರು ಬೀದಿ. ಇಕ್ಕೆಲದಲ್ಲೂ ಕಲ್ಲಿನ ಸಾಲುಮಂಟಪ. 1565ರಲ್ಲಿ ವಿಜಯನಗರ ಪತನವಾದ ಮೇಲೆ ಪಾಳುಬಿದ್ದ ಈ ಮಂಟಪಗಳಿಗೆ ಕಳೆದ ಶತಮಾನದಲ್ಲಿ ಮತ್ತೆ ಜನ ಬಂದರು. ಕಂಬದಿಂದ ಕಂಬಕ್ಕೆ ಗೋಡೆ ಎಬ್ಬಿಸಿ, ಮುಂದೆ ತಗಡು ಇಳಿಬಿಟ್ಟರೆ ಒಳಗೆ ಸಂಸಾರ, ಹೊರಗೆ ಅಂಗಡಿ. ಹಣ್ಣುಕಾಯಿ, ಲಂಬಾಣಿ ಕಸೂತಿಯ ಚೀಲ, ಬಾಡಿಗೆ ಸೈಕಲ್ಲು, ವಿದೇಶಿಯರ ನಾಲಿಗೆಗೆ ಒಗ್ಗುವ ಊಟ. 1986ರಲ್ಲಿ ಹಂಪಿ ಯುನೆಸ್ಕೊ ಪಟ್ಟಿ ಸೇರಿತು, ಗಿರಾಕಿ ಹೆಚ್ಚಿತು. ಹಿಂದೆಯೇ ಕಾನೂನೂ ಬಂತು: 1988ರ ಸಂರಕ್ಷಿತ ಪ್ರದೇಶದ ಅಧಿಸೂಚನೆ, 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯ್ದೆ.

2011ರ ಜುಲೈ 29ರ ಬೆಳಿಗ್ಗೆ ಜೆಸಿಬಿಗಳು ಬೀದಿಗಿಳಿದವು. ಖಾಲಿ ಮಾಡಿ ಎಂಬ ಸುದ್ದಿ ಬಹಳ ಮಂದಿಗೆ ಮುಟ್ಟಿದ್ದು ಹಿಂದಿನ ರಾತ್ರಿ. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಎದ್ದವು.

ಪರಿಹಾರದ ಲೆಕ್ಕ ಎಡವಿದ್ದು ಇಲ್ಲೇ. 1894ರ ಭೂಸ್ವಾಧೀನ ಕಾಯ್ದೆ ಬ್ರಿಟಿಷರದೇ ಆದರೂ ವ್ಯಾಪಾರಿಯನ್ನು ಪೂರ್ತಿ ಮರೆತಿರಲಿಲ್ಲ. ಮಾರುಕಟ್ಟೆ ದರದ ಜೊತೆಗೆ ಗಳಿಕೆಗೆ ಬಿದ್ದ ಪೆಟ್ಟು, ಅಂಗಡಿ ಬೇರೆಡೆಗೆ ಸಾಗಿಸುವ ಖರ್ಚು, ಇವನ್ನೂ ಎಣಿಸಬೇಕೆಂದು 23ನೇ ಕಲಮು ಹೇಳುತ್ತಿತ್ತು. 1984ರ ತಿದ್ದುಪಡಿಯಾದ ಮೇಲೆ ಶೇ 30ರಷ್ಟು ಹೆಚ್ಚುವರಿ ಬೇರೆ. ಆದರೆ ಅದೆಲ್ಲ ಸಿಗುವುದು ಸರ್ಕಾರ ನಿಮ್ಮ ಜಾಗವನ್ನು ಸ್ವಾಧೀನಪಡಿಸಿಕೊಂಡಾಗ. ಮಂಟಪ ಸರ್ಕಾರದ್ದೇ ಎಂದ ಮೇಲೆ ಸ್ವಾಧೀನವೆಲ್ಲಿ? ಉಳಿದದ್ದು ತೆರವು, ಅದರ ಬೆನ್ನಿಗೆ ಪುನರ್ವಸತಿ. ಸುಮಾರು ನಾಲ್ಕು ಕಿಲೋಮೀಟರ್ ದೂರದ ಕಡ್ಡಿರಾಂಪುರದಲ್ಲಿ ನಿವೇಶನ ಗುರುತಾಯಿತು. ಮನೆ ಅಲ್ಲಿಯೂ ಕಟ್ಟಬಹುದು. ತೆಂಗಿನಕಾಯಿ ಕೊಳ್ಳುವ ಭಕ್ತ ಗುಡಿ ಬಿಟ್ಟು ಅಲ್ಲಿಗೆ ಯಾಕೆ ಹೋದಾನು?

ಹೊಸಪೇಟೆ ಸೀಮೆಗೆ ಎತ್ತಂಗಡಿ ಹೊಸದಲ್ಲ. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯ ಸುಮಾರು 90 ಹಳ್ಳಿಗಳ 54 ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಿತ್ತು. ಹೊಲಗಳಿಗೆ ದಾಖಲೆ ಇತ್ತು, ಸಾಕೋ ಬೇಕೋ, ದರವೂ ಇತ್ತು. ಭೂಮಿಯಿಲ್ಲದ ಕುಶಲಕರ್ಮಿಯ ಮತ್ತು ಕೂಲಿಯವನ ಜೀವನೋಪಾಯವನ್ನು ಲೆಕ್ಕಕ್ಕೆ ತಂದ 2013ರ ಹೊಸ ಭೂಸ್ವಾಧೀನ ಕಾಯ್ದೆ ಜಾರಿಯಾದದ್ದು 2014ರ ಜನವರಿ 1ರಂದು. ಬಜಾರು ಬಯಲಾಗಿ ಆಗಲೇ ಎರಡು ವರ್ಷ ದಾಟಿತ್ತು. ಆ ಕಾಯ್ದೆಯಾದರೂ ಮಾತಾಡುವುದು ಸ್ವಾಧೀನದ ಬಗ್ಗೆಯೇ.

ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ಕಥೆ ಇನ್ನೂ ವಿಚಿತ್ರ. ಅಲ್ಲಿನ ರೆಸಾರ್ಟಿನವರು ಜಮೀನು ನಮ್ಮದೇ ಎಂದು ಕಾಗದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ಹೋದರು. ಸಂರಕ್ಷಿತ ಪ್ರದೇಶದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದು ತಪ್ಪೆಂದು 2020ರ ಫೆಬ್ರುವರಿಯಲ್ಲಿ ತೀರ್ಪು ಬಂತು. ಮಾರ್ಚಿನಲ್ಲಿ ಅಲ್ಲಿಗೂ ಜೆಸಿಬಿ ಬಂತು.