ಹೀಬ್ರೂ ಲಿಪಿಯಲ್ಲಿ ಬೊಮ್ಮ: ಗೆನಿಜಾ ಪತ್ರಗಳ ಒಂದು ವ್ಯಕ್ತಿನಾಮ

ಕನ್ನಡ ನಾಡಿನ ಚರಿತ್ರೆಯ ಆಕರಗಳೆಂದೊಡನೆ ಶಾಸನ, ಓಲೆಗರಿ, ಕಡತಗಳು ನೆನಪಾಗುತ್ತವೆ. ಆದರೆ ಹನ್ನೆರಡನೆಯ ಶತಮಾನದ ಮಂಗಳೂರಿನ ವ್ಯಾಪಾರ ಜೀವನವನ್ನು ತಿಳಿಸುವ ಕೆಲವು ಪತ್ರಗಳು ಹೀಬ್ರೂ ಲಿಪಿಯಲ್ಲಿವೆ. ಅವುಗಳಲ್ಲಿ ಬರುವ ಒಂದು ಹೆಸರಿನ ಓದನ್ನು ಪರಿಶೀಲಿಸುವುದು, ಮೂಲ ಲಿಪಿಯ ಅಧ್ಯಯನವೂ ದೇಶಭಾಷೆಯ ಅರಿವೂ ಒಂದಕ್ಕೊಂದು ಹೇಗೆ ಅನಿವಾರ್ಯವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಹಳೆಯ ಕೈರೊದ ಬೆನ್ ಎಜ್ರಾ ಸಿನಗಾಗ್‌ನಲ್ಲಿ ಬಳಕೆ ಮುಗಿದ ಬರಹಗಳನ್ನು ಕೂಡಿಡುವ ಕೋಣೆಯೊಂದಿತ್ತು, ಅದೇ ಗೆನಿಜಾ. ದೇವರ ಹೆಸರಿರುವ ಹಾಳೆಯನ್ನು ನಾಶಮಾಡಬಾರದೆಂಬ ಯೆಹೂದಿ ಸಂಪ್ರದಾಯದ ಫಲವಾಗಿ ಲೆಕ್ಕಪತ್ರ, ಕಾಗದಗಳೂ ಅಲ್ಲಿ ಉಳಿದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಕೇಂಬ್ರಿಜ್‌ಗೆ ಸಾಗಿಸಿದ ತುಣುಕುಗಳ ಸಂಖ್ಯೆ ಸುಮಾರು 1,93,000. ಇವುಗಳಲ್ಲೂ ಇತರ ಸಂಗ್ರಹಗಳಲ್ಲೂ ಚದುರಿಹೋಗಿದ್ದ ಭಾರತ ವ್ಯಾಪಾರದ ಪತ್ರಗಳನ್ನು ಎಸ್. ಡಿ. ಗೊಯ್ಟೈನ್ ಜೋಡಿಸಿದರು. ಅವರ ಮರಣಾನಂತರ ಎಂ. ಎ. ಫ್ರೀಡ್‌ಮನ್ ಆ ಕಾರ್ಯವನ್ನು ಮುಂದುವರಿಸಿ 2008ರಲ್ಲಿ ಅದರ ಇಂಗ್ಲಿಷ್ ಸಂಪುಟವನ್ನು ಹೊರತಂದರು.

ಈ ಪತ್ರಗಳ ಕೇಂದ್ರವ್ಯಕ್ತಿಗಳಲ್ಲೊಬ್ಬನು ಟ್ಯುನೀಸಿಯದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು. 1132ರಿಂದ 1149ರವರೆಗಿನ ಬಹುಭಾಗವನ್ನು ಅವನು ಮಂಗಳೂರು ಮತ್ತು ಮಲಬಾರಿನ ಕರಾವಳಿಯಲ್ಲಿ ಕಳೆದನು. ಕಂಚಿನ ಸಾಮಾನುಗಳ ಕಮ್ಮಟವನ್ನೂ ನಡೆಸಿದನು. ಮಂಗಳೂರಿನಲ್ಲಿ ಅವನು ಅಶು ಎಂಬ ದಾಸಿಯನ್ನು ಬಿಡುಗಡೆಗೊಳಿಸಿದ ಪತ್ರದ ದಿನಾಂಕ 1132ರ ಅಕ್ಟೋಬರ್ 17. ಆ ವಿಮೋಚನಾಪತ್ರದ ಭಾಷೆ ಅರಾಮಿಕ್. ವ್ಯಾಪಾರದ ಪತ್ರಗಳ ಭಾಷೆ ಅರಬ್ಬಿ. ಲಿಪಿ ಮಾತ್ರ ಎರಡಕ್ಕೂ ಹೀಬ್ರೂ. ಆದ್ದರಿಂದ ಹೀಬ್ರೂ ಅಕ್ಷರಗಳಲ್ಲಿರುವುದೆಲ್ಲ ಹೀಬ್ರೂ ಭಾಷೆಯಲ್ಲವೆಂಬುದು ಓದುಗನು ಗಮನಿಸಬೇಕಾದ ಮೊದಲ ಸಂಗತಿ.

ಇದು ಸ್ಥಳನಾಮದ ಓದಿನಲ್ಲೇ ಸ್ಪಷ್ಟವಾಗುತ್ತದೆ. ವಿದ್ವಾಂಸರು ಮಂಗಳೂರನ್ನು ‘ಮಂಜರೂರ್’ ಎಂದು ಲಿಪ್ಯಂತರಿಸುತ್ತಾರೆ. ಇಲ್ಲಿನ ಗಿಮೆಲ್ ಅಕ್ಷರಕ್ಕೆ ಹೀಬ್ರೂವಿನಲ್ಲಿ ಗಕಾರದ ಬೆಲೆ. ಅರಬ್ಬಿಯನ್ನು ಬರೆಯುವಾಗ ಜಕಾರದ ಬೆಲೆ. ‘ಜ’ ಎಂಬುದು ಅರಬ್ಬಿ ಓದಿನ ರೂಢಿಯಿಂದ ಬಂದದ್ದು. ಬರೆದ ಅಕ್ಷರ ನಮ್ಮ ಉಚ್ಚಾರಣೆಗೆ ಅದಕ್ಕಿಂತ ಹತ್ತಿರವಾಗಿದೆ.

ಇನ್ನು ವ್ಯಕ್ತಿನಾಮ. ಏಡನ್ನಿನ ವರ್ತಕ ಖಲಫ್ 1148ರಲ್ಲಿ ಬೆನ್ ಯಿಜುವಿಗೆ ಬರೆದ, ಈಗ ಜೆರುಸಲೇಮಿನ ರಾಷ್ಟ್ರೀಯ ಗ್ರಂಥಾಲಯದಲ್ಲಿರುವ ಎಚ್. 6 ಎಂಬ ಹಸ್ತಪ್ರತಿಯಲ್ಲಿ ಅವನ ಆಳೊಬ್ಬನಿಗೂ ವಂದನೆ ಹೇಳಲಾಗಿದೆ. ಈ ಆಳು ಏಡನ್ನಿಗೆ ಹೋಗಿ ಒಡೆಯನ ವ್ಯವಹಾರಗಳನ್ನು ನಿರ್ವಹಿಸುತ್ತಿದ್ದವನು. ಅವನ ಹೆಸರು ಬ-ಮ-ಹ ಎಂಬ ಮೂರು ಅಕ್ಷರಗಳಲ್ಲಿದೆ. ಗೊಯ್ಟೈನ್ ಇದನ್ನು ‘ಬಾಮ’ ಎಂದೋದಿದರು. ಅಮಿತಾವ್ ಘೋಷ್ ಮಂಗಳೂರಿನಲ್ಲಿ ಪ್ರೊ. ಬಿ. ಎ. ವಿವೇಕ ರೈ ಅವರ ನೆರವಿನಿಂದ ‘ಬೊಮ್ಮ’ ಎಂಬ ಓದನ್ನು ತಲುಪಿ, 1992ರ ತಮ್ಮ ಬರಹಗಳಲ್ಲಿ ಅದನ್ನು ಮಂಡಿಸಿದರು.

ಲಿಪಿಯ ದೃಷ್ಟಿಯಿಂದ ಈ ಓದು ಸಮರ್ಥನೀಯ. ಸ್ವರಚಿಹ್ನೆಯಿಲ್ಲದ ಹೀಬ್ರೂ ಬರಹದಲ್ಲಿ ಹ್ರಸ್ವಸ್ವರಗಳು ಕಾಣುವುದಿಲ್ಲ. ವ್ಯಂಜನದ ದ್ವಿತ್ವವೂ ಸಾಮಾನ್ಯವಾಗಿ ಕಾಣುವುದಿಲ್ಲ. ಕೊನೆಯ ಹಕಾರ ಪದಾಂತ್ಯದ ಅಕಾರದ ಗುರುತು. ಹೀಗಾಗಿ ಆ ಮೂರಕ್ಷರಗಳು ಬಮ, ಬಮ್ಮ, ಬೊಮ್ಮ ಎಂಬ ಎಲ್ಲ ರೂಪಗಳಿಗೂ ಹೊಂದುತ್ತವೆ. ಇವುಗಳಲ್ಲಿ ಆಯ್ಕೆ ಮಾಡಬೇಕಾದದ್ದು ಕನ್ನಡದ ಸಾಕ್ಷ್ಯದಿಂದ. ಬ್ರಹ್ಮ ಶಬ್ದದ ತದ್ಭವಗಳಾದ ಬಮ್ಮ, ಬೊಮ್ಮ ಎರಡೂ ಆ ಕಾಲದವೇ: ಹೊಯ್ಸಳ ವಿಷ್ಣುವರ್ಧನನ ರಾಣಿ ಬಮ್ಮಲದೇವಿ, ಅದೇ ಶತಮಾನದ ಶರಣ ಕಿನ್ನರಿ ಬ್ರಹ್ಮಯ್ಯನನ್ನು ಬೊಮ್ಮಯ್ಯನೆಂದೂ ಕರೆಯುತ್ತಾರೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಬೊಮ್ಮಣ್ಣ, ಬೊಮ್ಮಕ್ಕ ಎಂಬ ಹೆಸರುಗಳೂ ಮ್ಯಾಸಬೇಡರ ಬೊಮ್ಮದೇವರೂ ಒಕಾರದ ರೂಪವನ್ನು ಇಂದಿಗೂ ಉಳಿಸಿಕೊಂಡಿವೆ. ಘೋಷ್ ಈ ಹೆಸರನ್ನು ತುಳುನಾಡಿನ ಬೆರ್ಮೆರ್ ದೈವದೊಂದಿಗೂ ಸಂಬಂಧಿಸುತ್ತಾರೆ. ಆರಾಧನೆಯ ನೆಲೆಯಲ್ಲಿ ಅದು ಸಂಭಾವ್ಯ. ಆದರೆ ಬೆರ್ಮೆ ಎಂಬ ರೂಪದ ರೇಫೆ ವ್ಯಂಜನವಾದ್ದರಿಂದ ಲಿಪಿಯಲ್ಲಿ ಕಾಣಬೇಕಿತ್ತು, ಕಾಣುವುದಿಲ್ಲ. ಹೆಸರಿನ ಧ್ವನಿರೂಪ ತುಳುವಿನ ಬೆರ್ಮೆಗಿಂತ ಕನ್ನಡದ ತದ್ಭವಕ್ಕೇ ಸಮೀಪವೆಂಬುದು ನಮ್ಮ ಅಭಿಪ್ರಾಯ. ಬಮ್ಮ ಮತ್ತು ಬೊಮ್ಮಗಳ ನಡುವೆ ಮಾತ್ರ ಆ ಅಕ್ಷರಗಳು ತೀರ್ಪು ನೀಡಲಾರವು.

ಪಶ್ಚಿಮದ ಲಿಪಿಯೊಂದಿಗಿನ ಇಂಥ ಭೇಟಿ ಈ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ 1892ರಲ್ಲಿ ಶೋಧಿಸಿದ ಅಶೋಕನ ಶಾಸನ ಬ್ರಾಹ್ಮಿಯಲ್ಲಿದ್ದರೂ, ಲಿಪಿಕಾರ ಚಪಡನು ತನ್ನ ವೃತ್ತಿನಾಮವನ್ನು ಬಲದಿಂದ ಎಡಕ್ಕೆ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿಯೂ ಹೀಬ್ರೂವಿನ ಚೌಕಾಕ್ಷರಗಳೂ ಅರಾಮಿಕ್ ಮೂಲದ ದಾಯಾದಿಗಳು. ಖರೋಷ್ಠಿಯು ಭಾರತೀಯ ನುಡಿಗಳಿಗಾಗಿ ಸ್ವರಚಿಹ್ನೆಗಳನ್ನು ಬೆಳೆಸಿಕೊಂಡಿತು. ಬೆನ್ ಯಿಜುವಿನ ಲಿಪಿ ವ್ಯಂಜನಗಳಲ್ಲೇ ನಿಂತಿತು.

ಆ ಬಿಟ್ಟ ಸ್ವರವನ್ನು ತುಂಬುವ ಹೊಣೆ ಕನ್ನಡ ಬಲ್ಲವರದು. ಅನುವಾದದಲ್ಲಿ ‘ಬಾಮ’ ಎಂದೋದಿದವರಿಗೆ ಅಲ್ಲೊಂದು ಪ್ರಶ್ನೆಯಿದೆಯೆಂದೇ ತಿಳಿಯದು. ಮೂರಕ್ಷರಗಳನ್ನು ಕಂಡವರಿಗೆ ಮಾತ್ರ ತಿಳಿಯುತ್ತದೆ. ರಾಜರ ಹೆಸರುಗಳಿಗೆ ಶಾಸನಗಳ ಆಸರೆಯಿದೆ. ಈ ಆಳಿನ ಹೆಸರಿಗಾದರೋ ಪರದೇಶದ ಕೆಲವು ಕಾಗದಗಳಷ್ಟೇ ಆಸರೆ. ಅದನ್ನು ಸರಿಯಾಗಿ ಓದಲು ಹೀಬ್ರೂ ಲಿಪಿ, ಅರಬ್ಬಿ ಮತ್ತು ಹಳಗನ್ನಡದ ತದ್ಭವಪ್ರಕ್ರಿಯೆ ಮೂರನ್ನೂ ಒಟ್ಟಿಗೆ ಕಲಿಸುವ ವ್ಯವಸ್ಥೆ ನಮ್ಮ ವಿಶ್ವವಿದ್ಯಾಲಯಗಳಲ್ಲಿ ರೂಪುಗೊಳ್ಳಬೇಕಾಗಿದೆ.