ಬೇಕೆನ್ನುವ ಹಕ್ಕು, ಬೇಡವೆನ್ನುವ ಹಕ್ಕು



ಮಕ್ಕಳು ಬೇಡವೆಂದು ತೀರ್ಮಾನಿಸಿ ನೆಮ್ಮದಿಯಿಂದ ಬಾಳುತ್ತಿರುವ ದಂಪತಿಗಳು ಇಂದು ಅಪರೂಪವಲ್ಲ. ಹಿರಿಯರು ಕೆಲಕಾಲ ಗೊಣಗಿ, ಅದು ಅವರವರ ಇಚ್ಛೆಯೆಂದು ಸುಮ್ಮನಾಗುತ್ತಾರೆ. ಆದರೆ ಅದೇ ಮಾತನ್ನು ಬೌದ್ಧಿಕ ನ್ಯೂನತೆಯುಳ್ಳ ವ್ಯಕ್ತಿಯೊಬ್ಬರು ಆಡಿದರೆ ಅದನ್ನು ತೀರ್ಮಾನವೆಂದು ಗಣಿಸುವವರು ವಿರಳ. ಅವರ ಪರವಾಗಿ ಬೇರೆಯವರು ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಈ ಅಭ್ಯಾಸಕ್ಕೆ ಒಂದು ದೀರ್ಘವಾದ, ನೋವಿನ ಇತಿಹಾಸವಿದೆ.

ಅಮೆರಿಕದ ವರ್ಜೀನಿಯಾ ಸಂಸ್ಥಾನದಲ್ಲಿ 1906ರಲ್ಲಿ ಜನಿಸಿದ ಕ್ಯಾರಿ ಬಕ್ ಎಂಬಾಕೆಯನ್ನು ಸಾಕುಮನೆಯವರು ಆರನೆಯ ತರಗತಿಯ ನಂತರ ಶಾಲೆ ಬಿಡಿಸಿ ಮನೆಗೆಲಸಕ್ಕೆ ಹಚ್ಚಿದರು. ಆ ಮನೆಯ ಬಂಧುವೊಬ್ಬನ ಅತ್ಯಾಚಾರಕ್ಕೆ ತುತ್ತಾಗಿ ಆಕೆ ಗರ್ಭಿಣಿಯಾದಳು. ಅವಮಾನವನ್ನು ಮರೆಮಾಚಲು ಆಕೆಗೆ ‘ಬುದ್ಧಿಹೀನೆ’ ಎಂಬ ಹಣೆಪಟ್ಟಿ ಹಚ್ಚಿ, 1924ರಲ್ಲಿ ಲಿಂಚ್‌ಬರ್ಗ್ ಬಳಿಯ ಸರ್ಕಾರಿ ಆಶ್ರಯಧಾಮಕ್ಕೆ ಸೇರಿಸಲಾಯಿತು. ಆಕೆಯ ತಾಯಿಯೂ ಅಲ್ಲಿಯೇ ಇದ್ದಳು. ಅದೇ ವರ್ಷ ವರ್ಜೀನಿಯಾ, ಇಂಥವರನ್ನು ಬಲವಂತವಾಗಿ ಸಂತಾನಹೀನರನ್ನಾಗಿಸುವ ಕಾನೂನನ್ನು ಜಾರಿಗೆ ತಂದಿತು. ಅದರ ಸಿಂಧುತ್ವವನ್ನು ಪರೀಕ್ಷಿಸಲು ಕ್ಯಾರಿಯನ್ನೇ ಆರಿಸಲಾಯಿತು. ಆಕೆಯ ಪರ ವಾದಿಸಬೇಕಾಗಿದ್ದ ವಕೀಲನು ಆ ಆಶ್ರಯಧಾಮದ ಆಡಳಿತ ಮಂಡಳಿಯ ಮಾಜಿ ಸದಸ್ಯನಾಗಿದ್ದನು! ಆಕೆಯ ಎಳೆಗೂಸು ವಿವಿಯನ್ ಕೂಡ ಮಂದಬುದ್ಧಿಯದೆಂದು ಸಾಬೀತುಪಡಿಸಲು, ಎಂಟು ತಿಂಗಳೂ ತುಂಬದ ಆ ಮಗುವನ್ನು ನೋಡಿ ಬಂದವರ ಸಾಕ್ಷ್ಯವೇ ಸಾಕಾಯಿತು.

1927ರ ಮೇ 2ರಂದು ಅಮೆರಿಕದ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರ ಬಹುಮತದಿಂದ ಆ ಕಾನೂನನ್ನು ಎತ್ತಿಹಿಡಿಯಿತು. ತೀರ್ಪನ್ನು ಬರೆದ ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್, ಇದನ್ನು ಕಡ್ಡಾಯ ಲಸಿಕೆಗೆ ಹೋಲಿಸಿದರು. ಅದೇ ಅಕ್ಟೋಬರ್‌ನಲ್ಲಿ ಕ್ಯಾರಿಗೆ ಶಸ್ತ್ರಚಿಕಿತ್ಸೆ ನಡೆಯಿತು. ತಂಗಿ ಡೋರಿಸ್‌ಗೆ ಅಪೆಂಡಿಕ್ಸ್ ಆಪರೇಷನ್ ಎಂದು ಸುಳ್ಳು ಹೇಳಿ 1928ರಲ್ಲಿ ಅದನ್ನೇ ಮಾಡಿದರು. ಮದುವೆಯಾಗಿ, ಮಗುವಿಗಾಗಿ ಹಂಬಲಿಸಿ ಸೋತ ಆಕೆಗೆ ನಿಜ ತಿಳಿದದ್ದು ಸುಮಾರು ಐವತ್ತು ವರ್ಷಗಳ ಅನಂತರ.

ಶಿಕ್ಷಕನಾದ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ವಿವಿಯನ್ನಳ ಶಾಲಾ ದಾಖಲೆ. ‘ಮಂದಬುದ್ಧಿ’ಯೆಂದು ಮುದ್ರೆಯೊತ್ತಿಸಿಕೊಂಡ ಆ ಬಾಲೆ 1931ರಲ್ಲಿ ತನ್ನ ಶಾಲೆಯ ಉತ್ತಮ ವಿದ್ಯಾರ್ಥಿಗಳ ಪಟ್ಟಿಯಲ್ಲಿದ್ದಳು. ಮರುವರ್ಷ, ಎಂಟನೆಯ ವಯಸ್ಸಿನಲ್ಲಿ, ಕರುಳಿನ ಬೇನೆಯಿಂದ ತೀರಿಕೊಂಡಳು.

ಅಮೆರಿಕದಲ್ಲಿ ಹೀಗೆ ಸಂತಾನಶಕ್ತಿಯನ್ನು ಕಳೆದುಕೊಂಡವರು ಅರುವತ್ತು ಸಾವಿರಕ್ಕೂ ಅಧಿಕ. 1933ರ ನಾಜಿ ಕಾನೂನಿಗೆ ಜರ್ಮನಿಯಲ್ಲಿ ತುತ್ತಾದವರು ಸುಮಾರು ನಾಲ್ಕು ಲಕ್ಷ. ಜಪಾನಿನಲ್ಲಿ ಇಂಥ ಕಾನೂನು 1948ರಿಂದ 1996ರವರೆಗೂ ಇತ್ತು. ಅದು ಸಂವಿಧಾನಬಾಹಿರವಾಗಿತ್ತೆಂದು ಅಲ್ಲಿನ ಸುಪ್ರೀಂ ಕೋರ್ಟ್ ಸಾರಿದ್ದು 2024ರಲ್ಲಿ.

ನಮ್ಮ ದೇಶವೇನೂ ಹೊರತಲ್ಲ. 1994ರಲ್ಲಿ ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ವಸತಿಗೃಹದ ಬುದ್ಧಿಮಾಂದ್ಯ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ತೆಗೆಸಿದಾಗ ದೇಶಾದ್ಯಂತ ಪ್ರತಿಭಟನೆ ಎದ್ದಿತು. ಮುಟ್ಟಿನ ಶುಚಿತ್ವ ಕಾಪಾಡುವುದು ಕಷ್ಟವೆಂಬುದು ಆಗ ನೀಡಿದ ಸಮರ್ಥನೆ.

2009ರಲ್ಲಿ ಚಂಡೀಗಢದ ಪ್ರಕರಣ ಸುಪ್ರೀಂ ಕೋರ್ಟಿಗೆ ಬಂದಿತು. ಸರ್ಕಾರಿ ಆಶ್ರಯದಲ್ಲಿದ್ದಾಗಲೇ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾಗಿದ್ದ ಅನಾಥ ಯುವತಿಗೆ ಸೌಮ್ಯ ಪ್ರಮಾಣದ ಬುದ್ಧಿಮಾಂದ್ಯವಿತ್ತು. ಆಕೆ ಮಗುವನ್ನು ಹೆರಲು ಬಯಸಿದರೂ ಗರ್ಭಪಾತಕ್ಕೆ ಹೈಕೋರ್ಟ್ ಆದೇಶಿಸಿತ್ತು. ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಪೀಠ ಅದನ್ನು ತಡೆಯಿತು. ಮಾನಸಿಕ ಕಾಯಿಲೆ ಬೇರೆ, ಬುದ್ಧಿಮಾಂದ್ಯ ಬೇರೆ. ಗರ್ಭಪಾತಕ್ಕೆ ಈಕೆಯ ಸಮ್ಮತಿಯೇ ಬೇಕೆಂದು ತೀರ್ಪಿತ್ತಿತು. ಮಗುವನ್ನು ಹೆರುವುದೂ ಹೆರದಿರುವುದೂ ಸಂವಿಧಾನದ 21ನೆಯ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದೊಳಗೇ ಸೇರುತ್ತವೆ ಎಂದಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 10ನೆಯ ಕಲಮು, ವ್ಯಕ್ತಿಯ ಸ್ವತಂತ್ರವಾದ, ತಿಳಿವಳಿಕೆಯಿಂದ ಕೂಡಿದ ಸಮ್ಮತಿಯಿಲ್ಲದೆ ಸಂತಾನಹೀನತೆಗೆ ಕಾರಣವಾಗುವ ಯಾವ ಚಿಕಿತ್ಸೆಯನ್ನೂ ಮಾಡಕೂಡದೆಂದು ಸ್ಪಷ್ಟವಾಗಿ ವಿಧಿಸಿತು.

‘ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು’ ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಮದುವೆ ಮಾಡಿದರೆ, ಒಂದು ಮಗುವಾದರೆ ಎಲ್ಲವೂ ಸರಿಹೋದೀತೆಂದು ನಂಬಿ, ಅರಿಯದ ಸಂಬಂಧಕ್ಕೆ ಕೊರಳೊಡ್ಡಿಸುವ ಕುಟುಂಬಗಳು ಇಂದಿಗೂ ಇವೆ. ಶಸ್ತ್ರಚಿಕಿತ್ಸೆಯ ಬಲವಂತ ಹೇಗೋ ಇದೂ ಹಾಗೆಯೇ. ಎರಡರಲ್ಲಿಯೂ ಸಂಬಂಧಪಟ್ಟವರ ಮಾತಿಗೆ ಸ್ಥಾನವಿಲ್ಲ.

ಹೆತ್ತವರ ಆತಂಕವನ್ನು ಹಗುರವಾಗಿ ಕಾಣುವಂತಿಲ್ಲ. ತಮ್ಮ ಕಾಲಾನಂತರ ನೋಡಿಕೊಳ್ಳುವವರು ಯಾರೆಂಬ ಚಿಂತೆ ಅವರ ನಿದ್ದೆಗೆಡಿಸುತ್ತದೆ. ಆದರೂ ಮೂವತ್ತು ದಾಟಿದವರನ್ನು ‘ಇನ್ನೂ ಮಗು’ ಎನ್ನುವುದು ಪ್ರೀತಿಯ ಮಾತಾದರೂ ಅವರ ಬಾಯಿಯನ್ನು ಕಟ್ಟುತ್ತದೆ. ಶರೀರದ ಬಗ್ಗೆ, ದಾಂಪತ್ಯದ ಬಗ್ಗೆ, ಮಗುವಿನ ಪಾಲನೆಯ ಹೊಣೆಯ ಬಗ್ಗೆ ಸರಳವಾದ ಮಾತುಗಳಲ್ಲಿ, ಅಗತ್ಯವಿದ್ದರೆ ಹತ್ತು ಬಾರಿಯಾದರೂ ತಿಳಿಹೇಳಬೇಕು. ಆಮೇಲೆ ಅವರ ಉತ್ತರಕ್ಕೆ ಕಾಯಬೇಕು. ಹಾಗೆ ತಿಳಿದು ‘ನನಗೆ ಮಗು ಬೇಡ’ ಎಂದವರ ಮಾತು, ಯಾವ ಪದವೀಧರ ದಂಪತಿಗಳ ಮಾತಿನಷ್ಟೇ ಪ್ರೌಢವಾದುದು. ಬೇಕೆನ್ನುವ ಹಾದಿ ಮುಚ್ಚಿರುವಲ್ಲಿ ಬೇಡವೆಂಬುದಕ್ಕೆ ಅರ್ಥವಿಲ್ಲ. ನಿಮ್ಮ ಮನೆಗಳಲ್ಲಿಯೂ ನೆರೆಹೊರೆಯಲ್ಲಿಯೂ ಇಂಥವರಿದ್ದರೆ, ಅವರನ್ನು ಒಮ್ಮೆ ಕೇಳಿ ನೋಡಿರಿ.